ತಡೆದು ನಿಂತ ಕೋವಿ: ದೋಷ ಎಲ್ಲಿ, ದುರಸ್ತಿ ಹೇಗೆ?

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಗನ್‌ಫೌಂಡ್ರಿಯ ಹೆಸರನ್ನು ಕೇಳದವರು ವಿರಳ. ಅಬಿಡ್ಸ್‌ನಿಂದ ಬಶೀರ್‌ಬಾಗಿನ ಕಡೆಗೆ ಹೋಗುವಾಗ ಬಸ್ಸಿನ ನಿರ್ವಾಹಕ ಆ ಹೆಸರನ್ನು ಕೂಗಿದರೆ, ಅದು ನಿಜವಾಗಿಯೂ ಒಂದು ಎರಕದ ಕಾರ್ಖಾನೆಯ ಹೆಸರೆಂಬುದು ಯಾರ ಮನಸ್ಸಿಗೂ ಹೊಳೆಯುವುದಿಲ್ಲ. ನಿಜಾಮ್ ಅಲಿ ಖಾನರ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 1795ರಲ್ಲಿ ಅಲ್ಲಿ ಫಿರಂಗಿಗಳನ್ನು ಎರಕ ಹೊಯ್ಯುವ ಶಾಲೆಯನ್ನು ಸ್ಥಾಪಿಸಿದನು. ಜನರು ಅದನ್ನು ತೋಪ್ ಕಾ ಸಾಂಚಾ ಎಂದು ಕರೆದರು. ರೇಮಂಡ್ 1798ರಲ್ಲಿ ತೀರಿಕೊಂಡನು. ಫಿರಂಗಿಗಳ ಕಾಲವೂ ಮುಗಿಯಿತು. ಮುಂದೆ ಅದೇ ಗನ್‌ಫೌಂಡ್ರಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಪ್ರಧಾನ ಕಚೇರಿ ಎದ್ದು, 2017ರ ಏಪ್ರಿಲ್ 1ರಂದು ಆ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ಅಲ್ಲಿಯೇ ಇತ್ತು. ಕೋವಿಗೂ ಬ್ಯಾಂಕಿಗೂ ನಮ್ಮ ನಗರದಲ್ಲಿ ಹೀಗೊಂದು ಹಳೆಯ ನಂಟು.

ಆ ನಂಟು ಇಂದಿಗೂ ಬ್ಯಾಂಕುಗಳ ಬಾಗಿಲಲ್ಲಿ ನಿಂತಿರುತ್ತದೆ. ಹೆಗಲಿಗೆ ಬಂದೂಕು ತೂಗುಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತ ಕಾವಲುಗಾರನನ್ನು ನಾವೆಲ್ಲರೂ ದಿನವೂ ದಾಟಿ ಹೋಗುತ್ತೇವೆ. ಇಂಥವರಲ್ಲಿ ಬಹುಪಾಲು ಮಾಜಿ ಸೈನಿಕರು. ಈಗ ಕೈಯಲ್ಲಿರುವುದು ಸಾಧಾರಣವಾದ ಹನ್ನೆರಡು ಬೋರಿನ ಬಂದೂಕಾದರೂ ಯೌವನವನ್ನೆಲ್ಲ ಎಸ್‌ಎಲ್‌ಆರ್ ಎಂಬ ಸ್ವಯಂಭರ್ತಿ ರೈಫಲ್‌ನೊಡನೆ ಕಳೆದವರು. ಊಟದ ವಿರಾಮದಲ್ಲಿ ಅವರ ಮಾತು ತೆಗೆಸಿದರೆ ಹೆಚ್ಚಾಗಿ ಬರುವುದು ಯುದ್ಧದ ಕಥೆಯಲ್ಲ. ಕೋವಿ ತಡೆದು ನಿಂತ ಕಥೆ, ಅದನ್ನು ಸರಿಪಡಿಸಿದ ಕಥೆ. ಕಲಾ ವಿಭಾಗದಲ್ಲಿ ಓದಿ ಲೆಡ್ಜರುಗಳ ನಡುವೆ ತಲೆ ನರೆಸಿಕೊಂಡ ನಮಗೆ ಯಂತ್ರಶಾಸ್ತ್ರ ದೂರದ ವಿಷಯವೇ ಸರಿ. ಆದರೂ ಅವರಿಂದ ಕೇಳಿದ್ದನ್ನು, ಆಮೇಲೆ ಕುತೂಹಲದಿಂದ ಓದಿ ತಿಳಿದುದನ್ನು ಇಲ್ಲಿ ಸಾದರಪಡಿಸುತ್ತಿದ್ದೇವೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೈನ್ಯದ ಮಾದರಿಯ ಅರೆಸ್ವಯಂಚಾಲಿತ ರೈಫಲ್ ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕನ ಪರವಾನಗಿಗೆ ದಕ್ಕುವ ವಸ್ತುವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಇತರರ ಬಂದೂಕುಗಳನ್ನು ದುರಸ್ತಿ ಮಾಡುವ ವ್ಯವಹಾರಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಆದುದರಿಂದ ಇದು ಮನೆಯಲ್ಲಿ ಕುಳಿತು ಮಾಡಿನೋಡುವ ಪಾಠವಲ್ಲ. ನಮ್ಮನ್ನು ಕಾಯುವವರ ಕೈಯಲ್ಲಿರುವ ಯಂತ್ರ ಹೇಗೆ ಕೆಡುತ್ತದೆ, ಕೆಟ್ಟಾಗ ತಪ್ಪು ಯಾರ ತಲೆಗೆ ಬರುತ್ತದೆ ಎಂಬುದನ್ನು ತಿಳಿದುಕೊಳ್ಳುವ ಪ್ರಯತ್ನವಷ್ಟೇ.

ಸ್ವಯಂಭರ್ತಿ ರೈಫಲ್ ಎಂದರೇನು? ಹಳೆಯ ಮಾದರಿಯ ರೈಫಲ್‌ನಲ್ಲಿ ಒಂದು ಗುಂಡು ಹಾರಿದ ಮೇಲೆ ಸೈನಿಕನೇ ಅಗುಳಿಯನ್ನು ಹಿಂದಕ್ಕೆಳೆದು, ಖಾಲಿಯಾದ ಹಿತ್ತಾಳೆ ಕೋಶವನ್ನು ಹೊರಹಾಕಿ, ಮುಂದಿನ ತೋಟಾವನ್ನು ಒಳಕ್ಕೆ ತಳ್ಳಬೇಕು. ಬಾಗಿಲಿನ ಅಗುಳಿ ಹಾಕಿ ತೆಗೆಯುವಂಥದೇ ಕೆಲಸ. ಸ್ವಯಂಭರ್ತಿ ರೈಫಲ್‌ನಲ್ಲಿ ಆ ಕೆಲಸವನ್ನು ಮದ್ದು ಉರಿದಾಗ ಹುಟ್ಟುವ ಅನಿಲವೇ ಮಾಡುತ್ತದೆ. ಗುಂಡು ನಳಿಗೆಯಲ್ಲಿ ಮುಂದೆ ಸಾಗುತ್ತಿರುವಾಗಲೇ ಅದರ ಹಿಂದಿನ ಬಿಸಿ ಅನಿಲದ ಒಂದು ಪಾಲು ನಳಿಗೆಯ ಮೇಲ್ಭಾಗದ ಚಿಕ್ಕ ರಂಧ್ರದಿಂದ ಹೊರಬಂದು ಒಂದು ಪಿಸ್ಟನ್ನನ್ನು ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ನು ಅಗುಳಿಯನ್ನು ಹೊತ್ತ ಭಾಗವನ್ನು ತಳ್ಳುತ್ತದೆ. ಅಗುಳಿ ತೆರೆದು ಹಿಂದೆ ಸರಿಯುವಾಗ ಅದರ ಕೊಕ್ಕೆ ಖಾಲಿ ಕೋಶವನ್ನು ಎಳೆದು ತಂದು ಹೊರಕ್ಕೆ ಎಸೆಯುತ್ತದೆ. ಒತ್ತಿಕೊಂಡ ಸ್ಪ್ರಿಂಗ್ ಮತ್ತೆ ಬಿಚ್ಚಿಕೊಂಡು ಅಗುಳಿಯನ್ನು ಮುಂದೆ ನೂಕುತ್ತದೆ. ಹಾಗೆ ಮುಂದೆ ಹೋಗುವಾಗ ಅದು ಮ್ಯಾಗಜಿನ್ನಿನ ಮೇಲ್ತುದಿಯಲ್ಲಿರುವ ತೋಟಾವನ್ನು ಕಿತ್ತು ಗೂಡಿಗೆ ಸೇರಿಸಿ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲವೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಸೈನಿಕನಿಗೆ ಉಳಿದ ಕೆಲಸ ಪ್ರತಿ ಗುಂಡಿಗೊಮ್ಮೆ ಟ್ರಿಗರ್ ಎಳೆಯುವುದು ಮಾತ್ರ.

ಅನುಕೂಲ ದೊಡ್ಡದು, ಅಪಾಯವೂ ಅದರೊಳಗೇ ಇದೆ. ಕೈಯಿಂದ ಎಳೆಯುವ ಅಗುಳಿಗೆ ಸ್ವಲ್ಪ ಕೊಳೆ ಅಡ್ಡಬಂದರೆ ಸೈನಿಕ ಇನ್ನಷ್ಟು ಬಲ ಹಾಕಿ ಎಳೆದಾನು. ಅನಿಲಕ್ಕೆ ಆ ವಿವೇಕವಿಲ್ಲ. ಅದರ ಬಲ ಒಂದು ಅಳತೆಯದು. ಘರ್ಷಣೆ ಆ ಅಳತೆಯನ್ನು ಮೀರಿದ ಕ್ಷಣದಲ್ಲಿ ಯಂತ್ರ ನಡುದಾರಿಯಲ್ಲಿ ನಿಲ್ಲುತ್ತದೆ.

ಹೀಗೆ ನಿಂತ ಸ್ಥಿತಿಗೆ ಸೈನ್ಯದ ಹಿಂದೂಸ್ತಾನಿಯಲ್ಲಿ ರೋಕ್ ಎಂದು ಹೆಸರು. ತಕ್ಷಣ ಮಾಡಬೇಕಾದ ಉಪಾಯಕ್ಕೆ ಫೌರಿ ಇಲಾಜ್ ಎನ್ನುತ್ತಾರೆ. ನಮ್ಮ ಹೈದರಾಬಾದಿನ ದಖ್ಖನಿ ಕಿವಿಗೆ ಈ ಮಾತು ಹಕೀಮರ ದವಾಖಾನೆಯಿಂದ ಬಂದಂತೆ ಕೇಳಿಸುತ್ತದೆ. ಬಂದದ್ದೂ ಸರಿಯಾಗಿಯೇ ಇದೆ, ಏಕೆಂದರೆ ಇದು ನಾಡಿ ನೋಡಿ ರೋಗ ಹೇಳುವ ವಿದ್ಯೆಯೇ. ಒಂದೇ ವ್ಯತ್ಯಾಸ: ಈ ರೋಗಿ ಮಾತನಾಡುವುದಿಲ್ಲ. ಅದು ನಿಂತ ಭಂಗಿಯೇ ಅದರ ಹೇಳಿಕೆ.

ಆದಕಾರಣ ಅನುಭವಸ್ಥರು ಹೇಳುವ ಮೊದಲ ನಿಯಮ, ನಿಂತ ಕೋವಿಯನ್ನು ಗಾಬರಿಯಿಂದ ಕೆದಕಬಾರದು ಎಂಬುದು. ತರಬೇತಿಯ ಮೈದಾನದಲ್ಲಿ ನಳಿಗೆಯ ಬಾಯಿ ಗುರಿಯ ದಿಕ್ಕಿನಲ್ಲೇ ಇರಬೇಕು, ಬೆರಳು ಟ್ರಿಗರಿನ ಹೊರಗೆ. ಕುದುರೆ ಬಿದ್ದರೂ ಗುಂಡು ಹಾರದಿದ್ದರೆ ಸುಮಾರು ಅರ್ಧ ನಿಮಿಷವಾದರೂ ಹಾಗೆಯೇ ಕಾಯಬೇಕು, ಏಕೆಂದರೆ ಮದ್ದು ತಡವಾಗಿ ಹೊತ್ತಿಕೊಳ್ಳುವ ಸಂಭವವುಂಟು. ಆಮೇಲೆ ಮ್ಯಾಗಜಿನ್ ತೆಗೆದು, ಅಗುಳಿ ಎಲ್ಲಿ ನಿಂತಿದೆ, ತೋಟಾ ಎಲ್ಲಿದೆ ಎಂದು ನೋಡಬೇಕು. ಖಾಲಿ ಕೋಶ ಹೊರಹೋಗುವ ಕಿಂಡಿಯಲ್ಲಿ ಸಿಕ್ಕಿಬಿದ್ದಿದ್ದರೆ ಅಗುಳಿ ಪೂರ್ತಿ ಹಿಂದೆ ಹೋಗಿಲ್ಲ ಎಂದರ್ಥ. ಅನಿಲದ ಬಲ ಸಾಲಲಿಲ್ಲ ಅಥವಾ ಕೊಳೆ ತಡೆಯಿತು. ಕೋಶ ಗೂಡಿನಲ್ಲೇ ಉಳಿದಿದ್ದರೆ ಕೊಕ್ಕೆಯ ಮೇಲೆ, ಗೂಡಿನ ಮೇಲೆ ಅನುಮಾನ. ಹೊಸ ತೋಟಾ ಮೂತಿ ಎತ್ತಿಕೊಂಡು ಅಡ್ಡ ನಿಂತಿದ್ದರೆ ಅಥವಾ ಎರಡು ತೋಟಾಗಳು ಒಟ್ಟಿಗೆ ನುಗ್ಗಿದ್ದರೆ ಮ್ಯಾಗಜಿನ್ನನ್ನು ವಿಚಾರಿಸಬೇಕು. ಎಲ್ಲವೂ ಸ್ವಸ್ಥಾನದಲ್ಲಿದ್ದು ಗುಂಡು ಮಾತ್ರ ಹಾರದಿದ್ದರೆ ತೋಟಾದ ಹಿಂಬದಿಯ ಕೇಪನ್ನು ನೋಡಬೇಕು. ಅದರ ಮೇಲೆ ಸೂಜಿಯ ಗುಳಿ ಆಳವಾಗಿ ಬಿದ್ದಿದ್ದರೆ ತೋಟಾದ ದೋಷ, ಗುಳಿ ಮೇಲುಮೇಲಾಗಿದ್ದರೆ ಕೋವಿಯ ಸೂಜಿ ಅಥವಾ ಸ್ಪ್ರಿಂಗಿನ ದೋಷ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸದ ಮೊತ್ತವೇ ತಪ್ಪು ಯಾವ ಬಗೆಯದೆಂದು ಸುಳಿವು ಕೊಡುವುದುಂಟಲ್ಲ, ಒಂಬತ್ತರಿಂದ ಭಾಗವಾದರೆ ಅಂಕಿ ತಿರುವುಮುರುವಾಗಿರಬಹುದೆಂದು ನಾವು ಹುಡುಕುವಂತೆ, ಇದೂ ಹಾಗೆಯೇ.

ತೋಟಾದ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮಗೆ ತಿಳಿದ ಒಂದು ಶಾಖೆಯಲ್ಲಿ ಹಲವು ವರ್ಷಗಳ ಹಿಂದೆ ವಾರ್ಷಿಕ ಗುಂಡು ಹಾರಿಸುವ ಅಭ್ಯಾಸದ ದಿನ ಕಾವಲುಗಾರನ ಬಂದೂಕು ಎರಡು ಸಲ ಹಾರಲಿಲ್ಲ. ಮೂರನೆಯ ದಿನಕ್ಕೆ ಆತನ ಕೈಗೆ ಮೆಮೊ ಬಂದಿತು: ಆಯುಧವನ್ನು ಸುಸ್ಥಿತಿಯಲ್ಲಿ ಇಡಲಿಲ್ಲವೇಕೆ ಎಂಬುದಕ್ಕೆ ವಿವರಣೆ ಕೊಡತಕ್ಕದ್ದು. ಹದಿನೇಳು ವರ್ಷ ಸೈನ್ಯದಲ್ಲಿದ್ದು ಪ್ರತಿ ಸಂಜೆ ಕೋವಿ ಒರೆಸಿಟ್ಟ ಮನುಷ್ಯ ಆತ. ಉತ್ತರ ಬರೆಸಿಕೊಳ್ಳಲು ನಮ್ಮ ಬಳಿಗೆ ಬಂದಾಗ ಕೈ ನಡುಗುತ್ತಿತ್ತು. ಬಂದೂಕನ್ನು ಪರವಾನಗಿ ಪಡೆದ ದುರಸ್ತಿಗಾರನಲ್ಲಿಗೆ ಒಯ್ದು ತೋರಿಸಿದಾಗ ಸೂಜಿ, ಸ್ಪ್ರಿಂಗ್ ಎಲ್ಲವೂ ಚೊಕ್ಕವಾಗಿದ್ದವು. ಹಾರದೆ ಉಳಿದ ಎರಡೂ ತೋಟಾಗಳ ಕೇಪಿನ ಮೇಲೆ ಆಳವಾದ ಗುಳಿ ಸ್ಪಷ್ಟವಾಗಿತ್ತು. ತೋಟಾಗಳು ಎಷ್ಟೋ ಮಳೆಗಾಲಗಳನ್ನು ಸ್ಟ್ರಾಂಗ್ ರೂಮಿನ ತೇವದಲ್ಲಿ ಕಳೆದಿದ್ದವು. ಅವುಗಳನ್ನು ಖರೀದಿಸುವುದೂ ಬದಲಾಯಿಸುವುದೂ ಕಾವಲುಗಾರನ ಅಧಿಕಾರವಲ್ಲ. ಮೆಮೊ ಹಿಂತೆಗೆದುಕೊಂಡರೋ ಇಲ್ಲವೋ, ಹೊಸ ತೋಟಾಗಳಂತೂ ಬಂದವು. ಆ ಬಂದೂಕು ಸ್ವಯಂಭರ್ತಿಯದಲ್ಲ, ನಿಜ. ಆದರೆ ಕೇಪಿನ ಸಾಕ್ಷ್ಯ ಎರಡರಲ್ಲೂ ಒಂದೇ.

ಸ್ವಯಂಭರ್ತಿ ರೈಫಲ್‌ಗೆ ತೋಟಾದ ಮಹತ್ವ ಇನ್ನೂ ಹೆಚ್ಚು. ಅಲ್ಲಿ ತೋಟಾ ಗುಂಡನ್ನು ಹಾರಿಸಿದರೆ ಸಾಲದು, ಯಂತ್ರವನ್ನೂ ನಡೆಸಬೇಕು. ಮದ್ದಿನ ಜಾತಿ ಬದಲಾದರೆ ಅನಿಲದ ಒತ್ತಡ ಬದಲಾಗುತ್ತದೆ, ಉಳಿಯುವ ಮಸಿ ಬದಲಾಗುತ್ತದೆ. ಹಳೆಯ ಕಾಲದ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಪ್ಪಿನಂಥ ಲವಣ ನಳಿಗೆಯಲ್ಲಿ ಉಳಿದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತುಕ್ಕು ಹಿಡಿಸುತ್ತಿತ್ತು. ಎಣ್ಣೆಯಿಂದ ಲವಣ ಕರಗದು. ಅದಕ್ಕೇ ಹಿಂದಿನವರು ಮೊದಲು ಕುದಿಯುವ ನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು.

ಮ್ಯಾಗಜಿನ್ನು ನೋಡಲು ತಗಡಿನ ಡಬ್ಬಿ. ಬೆಲೆಯಲ್ಲಿ ಕೋವಿಯ ಅತಿ ಅಗ್ಗದ ಭಾಗ. ತೊಂದರೆಯಲ್ಲಿ ಬಹುಶಃ ಅಗ್ರಗಣ್ಯ. ತೋಟಾವನ್ನು ಹಿಡಿದು ನಿಲ್ಲಿಸುವ ಅದರ ಮೇಲ್ತುಟಿಗಳು ಒಮ್ಮೆ ಕಲ್ಲಿನ ಮೇಲೆ ಬಿದ್ದು ಕೂದಲೆಳೆಯಷ್ಟು ಬಾಗಿದರೂ ತೋಟಾ ತಪ್ಪು ಕೋನದಲ್ಲಿ ಏಳುತ್ತದೆ. ತುಂಬಿಟ್ಟ ಮ್ಯಾಗಜಿನ್ನಿನ ಸ್ಪ್ರಿಂಗ್ ಸೋತುಹೋಗುತ್ತದೆಂಬ ನಂಬಿಕೆ ಬಹಳ ಹಳೆಯದು. ಒಳ್ಳೆಯ ಉಕ್ಕಿನ ಸ್ಪ್ರಿಂಗ್ ಸುಮ್ಮನೆ ಒತ್ತಿಕೊಂಡಿರುವುದಕ್ಕಿಂತ ಮತ್ತೆ ಮತ್ತೆ ಒತ್ತಿ ಬಿಡುವುದರಿಂದ ಹೆಚ್ಚು ಸವೆಯುತ್ತದೆ. ಪರೀಕ್ಷೆ ಬಹು ಸುಲಭ. ಪ್ರತಿ ಮ್ಯಾಗಜಿನ್ನಿಗೂ ಒಂದು ಸಂಖ್ಯೆ ಬರೆದು, ತಡೆ ಬಂದಾಗಲೆಲ್ಲ ಯಾವ ಸಂಖ್ಯೆಯದು ಎಂದು ಗುರುತು ಮಾಡಿಕೊಳ್ಳಬೇಕು. ಅದೇ ಸಂಖ್ಯೆ ಮರುಕಳಿಸಿದರೆ ಕೋವಿ ನಿರಪರಾಧಿ.

ಇನ್ನು ಎಸ್‌ಎಲ್‌ಆರ್‌ನ ಪ್ರಸಿದ್ಧ ಅಂಗವಾದ ಗ್ಯಾಸ್ ರೆಗ್ಯುಲೇಟರ್. 1962ರಲ್ಲಿ ಚೀನಾದೊಡನೆ ನಡೆದ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದುದು ಕೈಯಿಂದ ಅಗುಳಿ ಎಳೆಯುವ .303 ಲೀ ಎನ್‌ಫೀಲ್ಡ್. ಆ ಕಹಿಯ ನಂತರ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗಿ ಸೈನ್ಯಕ್ಕೆ ಹರಿದುಬಂದದ್ದು 7.62 ಮಿಲಿಮೀಟರಿನ ಎಸ್‌ಎಲ್‌ಆರ್. ಇದರ ಮೂಲ ಬೆಲ್ಜಿಯಂನ ಎಫ್‌ಎನ್ ಸಂಸ್ಥೆಯಲ್ಲಿ ಸೈವ್ ಎಂಬ ತಂತ್ರಜ್ಞ ರೂಪಿಸಿದ ಫಾಲ್ ರೈಫಲ್. ತೂಕ ನಾಲ್ಕು ಕಿಲೋಗಿಂತ ಸ್ವಲ್ಪ ಹೆಚ್ಚು, ಮ್ಯಾಗಜಿನ್ನಿನಲ್ಲಿ 20 ತೋಟಾ. ಇದರ ವಿನ್ಯಾಸಕಾರರು ಒಂದು ಸತ್ಯವನ್ನು ಮೊದಲೇ ಒಪ್ಪಿಕೊಂಡಿದ್ದರು: ಯಂತ್ರ ಎಲ್ಲ ಕಾಲದಲ್ಲೂ ಒಂದೇ ಬಲದಿಂದ ನಡೆಯುವುದಿಲ್ಲ. ಆದ್ದರಿಂದ ಹೆಚ್ಚಾದ ಅನಿಲವನ್ನು ಹೊರಬಿಡುವ ಒಂದು ತೂತನ್ನು ಇಟ್ಟು, ಅದನ್ನು ತಿರುಗಿಸಿ ಹಿಗ್ಗಿಸಲು ಕುಗ್ಗಿಸಲು ಬರುವ ಉಂಗುರವನ್ನು ಜೋಡಿಸಿದರು. ಉಂಗುರ ತೆರೆದಿದ್ದರೆ ಅನಿಲ ಹೊರಗೆ ಹೋಗಿ ಪಿಸ್ಟನ್ನಿಗೆ ಮೆಲು ಒದೆತ, ಮುಚ್ಚಿದಂತೆ ಬಲವಾದ ಒದೆತ. ಹೊಂದಿಸುವ ಕ್ರಮವೂ ತರ್ಕಬದ್ಧವಾದುದು. ಮೊದಲು ಪೂರ್ತಿ ತೆರೆದಿಟ್ಟು ಗುಂಡು ಹಾರಿಸಿದರೆ ಕೋವಿ ನಡೆಯುವುದಿಲ್ಲ. ಒಂದೊಂದೇ ಮೆಟ್ಟಿಲು ಮುಚ್ಚುತ್ತ ಬಂದರೆ ತಪ್ಪದೆ ನಡೆಯುವ ಒಂದು ಹಂತ ಸಿಗುತ್ತದೆ. ಅದರ ಮೇಲೆ ಇನ್ನೆರಡು ಮೆಟ್ಟಿಲು, ಮುಂದೆ ಕಟ್ಟಿಕೊಳ್ಳಲಿರುವ ಮಸಿಗಾಗಿ ಮೀಸಲು. ನಮ್ಮ ಭಾಷೆಯಲ್ಲಿ ಕನಿಷ್ಠ ಠೇವಣಿ ಎನ್ನಬಹುದು.

ಪೂರ್ತಿ ಮುಚ್ಚಿಟ್ಟರೆ ಚಿಂತೆಯೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಹಾಗೆ ಮಾಡಿದರೆ ಅಗುಳಿ ಅತಿ ವೇಗದಿಂದ ಹಿಂದಕ್ಕೆ ಬಡಿಯುತ್ತದೆ. ಕೊಕ್ಕೆ ಕೋಶದ ಅಂಚನ್ನೇ ಹರಿದುಬಿಡಬಹುದು, ಭಾಗಗಳು ಬೇಗ ಸವೆಯುತ್ತವೆ, ಹೆಗಲಿಗೆ ಪೆಟ್ಟು ಹೆಚ್ಚು. ರಷ್ಯದ ಕಲಾಶ್ನಿಕೋವ್ ಈ ದಾರಿಯನ್ನೇ ಬೇರೆ ಬಗೆಯಿಂದ ಹಿಡಿಯಿತು. ಅದರಲ್ಲಿ ರೆಗ್ಯುಲೇಟರ್ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಅನಿಲ, ಭಾರವಾದ ಚಲಿಸುವ ಭಾಗಗಳು, ಸಡಿಲವಾದ ಜೋಡಣೆ. ಸೈನಿಕ ತಿರುಗಿಸಬೇಕಾದ್ದು ಏನೂ ಇಲ್ಲದಿರುವುದೇ ಒಳ್ಳೆಯದೆಂಬ ಮತ ಅದರದು. ನಮ್ಮ ಮಾಜಿ ಸೈನಿಕರು ಮಾತ್ರ ಎಸ್‌ಎಲ್‌ಆರ್ ಬಿಟ್ಟು ಇನ್ನೊಂದನ್ನು ಹೊಗಳಿದ್ದನ್ನು ನಾವು ಕೇಳಿಲ್ಲ.

ಅದೇ ರೈಫಲ್‌ನಲ್ಲಿ ಹೊಸಬರನ್ನು ಬೆಪ್ಪುಗೊಳಿಸುವ ಒಂದು ತೊಡಕೂ ಇದೆ. ನಳಿಗೆಯ ತುದಿಯಿಂದ ಗ್ರೆನೇಡ್ ಹಾರಿಸುವಾಗ ಅನಿಲ ಪಿಸ್ಟನ್ನಿಗೆ ಹೋಗಬಾರದು. ಅದಕ್ಕಾಗಿ ಗ್ಯಾಸ್ ಪ್ಲಗ್ಗನ್ನು ಅರ್ಧ ಸುತ್ತು ತಿರುಗಿಸಿ ಕೂರಿಸುವ ಏರ್ಪಾಡು ಉಂಟು. ಶುಚಿ ಮಾಡಿ ಮರಳಿ ಜೋಡಿಸುವಾಗ ಅದು ತಿರುವುಮುರುವಾಗಿ ಕುಳಿತರೆ ಗುಂಡು ಹಾರುತ್ತದೆ, ಆದರೆ ಮುಂದಿನ ತೋಟಾ ಬರುವುದಿಲ್ಲ. ಯಾವ ಭಾಗವೂ ಮುರಿದಿಲ್ಲ, ಕೊಳೆಯಿಲ್ಲ, ಆದರೂ ಸ್ವಯಂಭರ್ತಿ ಕೋವಿ ಹಳೆಯ ಎನ್‌ಫೀಲ್ಡ್ ಆಗಿಬಿಟ್ಟಿರುತ್ತದೆ. ಇಂಥದಕ್ಕೆ ಔಷಧ ಪ್ಲಗ್ಗಿನ ಗುರುತು ನೋಡುವುದು ಮಾತ್ರ.

ಕೊಕ್ಕೆಯ ಸ್ಪ್ರಿಂಗ್ ಸೋತಿದ್ದರೆ, ಸೂಜಿಯ ತುದಿ ಸವೆದಿದ್ದರೆ ಹೊಸದನ್ನು ಹಾಕಿದರಾಯಿತು. ಅಗುಳಿ ಮುಚ್ಚಿಕೊಂಡಾಗ ಅದಕ್ಕೂ ತೋಟಾದ ಹಿಂಬದಿಗೂ ನಡುವೆ ಇರುವ ಅಂತರ ಹಾಗಲ್ಲ. ಅದನ್ನು ಗೇಜಿನಿಂದಲೇ ಅಳೆಯಬೇಕು. ಎಸ್‌ಎಲ್‌ಆರ್ ವಂಶದ ಕೋವಿಯಲ್ಲಿ ಅಗುಳಿ ಒರಗಿ ನಿಲ್ಲುವ ಒಂದು ಉಕ್ಕಿನ ಹಲ್ಲು ಹಲವು ಸೂಕ್ಷ್ಮ ಅಳತೆಗಳಲ್ಲಿ ಸಿಗುತ್ತದೆ. ಹಳೆಯದು ಸವೆದು ಅಂತರ ಮಿತಿ ಮೀರಿದರೆ ತಕ್ಕ ಅಳತೆಯದನ್ನು ಆರಿಸಿ ಕೂರಿಸುತ್ತಾರೆ. ಆ ಅಂತರ ತಪ್ಪಿದರೆ ಕೋಶವೇ ಒಡೆದು ಅನಿಲ ಮುಖಕ್ಕೆ ಬಡಿಯಬಹುದು. ಇದು ಆರ್ಮರರ್ ಎಂಬ ನುರಿತ ಕುಶಲಕರ್ಮಿಯ ಕೆಲಸ. ಸೈನ್ಯದಲ್ಲಿ ಪಿಸ್ತೂಲಿನಿಂದ ಟ್ಯಾಂಕಿನವರೆಗೆ ದುರಸ್ತಿಯ ಹೊಣೆ ಇಎಂಇ ದಳದ್ದು. ಆ ದಳದ ದೊಡ್ಡ ಶಿಕ್ಷಣ ಸಂಸ್ಥೆ ನಮ್ಮ ಸಿಕಂದರಾಬಾದಿನ ತಿರುಮಲಗಿರಿಯಲ್ಲೇ ಇರುವುದು. ಆ ದಾರಿಯಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ಇದರ ಅರಿವಿಲ್ಲ.

ಎಣ್ಣೆಯ ವಿಷಯದಲ್ಲಿ ಅತಿ ಭಕ್ತಿಯೇ ಅಪಾಯ. ನಮ್ಮ ದಖ್ಖನ್ನಿನ ಬೇಸಿಗೆಯಲ್ಲಿ ಕಲ್ಲಿನ ಸಣ್ಣ ಧೂಳು ಎಲ್ಲೆಡೆ ಏಳುತ್ತದೆ. ಧಾರಾಳವಾಗಿ ಎಣ್ಣೆ ಸುರಿದ ಕೋವಿಯಲ್ಲಿ ಈ ಧೂಳು ಸೇರಿದರೆ ಸಾಣೆ ಹಿಡಿಯುವ ಹಿಟ್ಟು ತಯಾರಾದಂತೆ. ಒಣ ಧೂಳಿನ ನಾಡಿನಲ್ಲಿ ತೆಳುವಾದ ಲೇಪ ಸಾಕು. ದ್ರಾಸಿನಂಥ ಹಿಮದ ನಾಡಿನಲ್ಲಿ ಅದೇ ಎಣ್ಣೆ ಗಟ್ಟಿಯಾಗಿ ಅಗುಳಿಯನ್ನು ಹಿಡಿದಿಡುತ್ತದೆ. ಮರಳುಗಾಡಿನ ಪರೀಕ್ಷೆಗಳ ತರುವಾಯ ಬ್ರಿಟಿಷರು ತಮ್ಮ ಎಸ್‌ಎಲ್‌ಆರ್‌ನ ಚಲಿಸುವ ಭಾಗದ ಮೈಮೇಲೆ ಗೀರುಗಳನ್ನು ಕೊರೆದರು. ಒಳಹೊಕ್ಕ ಮರಳು ಆ ಗೀರುಗಳಲ್ಲಿ ಕುಳಿತು ದಾರಿ ಬಿಡಲಿ ಎಂಬ ಉದ್ದೇಶ. ಕೊಡಗಿನವರು ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನೆಲ್ಲ ಇಳಿಸಿ, ಒರೆಸಿ, ಹೂವಿಟ್ಟು ಪೂಜಿಸುವರಷ್ಟೆ. ನಾವು ಆಯುಧಪೂಜೆಯಲ್ಲಿ ಕುಂಕುಮ ಹಚ್ಚುವುದಕ್ಕಿಂತ ಅವರದು ಹೆಚ್ಚು ಉಪಯುಕ್ತವಾದ ಆಚರಣೆ ಎಂದು ನಮ್ಮ ಅಭಿಪ್ರಾಯ, ಏಕೆಂದರೆ ಅಲ್ಲಿ ವರ್ಷಕ್ಕೊಮ್ಮೆಯಾದರೂ ಕೋವಿ ಗೋಡೆಯಿಂದ ಇಳಿದು ಮನುಷ್ಯನ ಕೈಗೆ ಬರುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಒಂದು ಕೋವಿಯ ಕಥೆ. ಸಾವಿರಾರು ಕೋವಿಗಳು ಒಟ್ಟಿಗೆ ತಡೆದಾಗ ಮೆಮೊ ಯಾರಿಗೆ ಹೋಗುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. 1960ರ ದಶಕದಲ್ಲಿ ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರ ಎಂ-16 ರೈಫಲ್‌ಗಳು ಕಾಳಗದ ನಡುವೆ ನಿಲ್ಲತೊಡಗಿದವು. ಖಾಲಿ ಕೋಶ ಗೂಡಿನಲ್ಲೇ ಕಚ್ಚಿಕೊಳ್ಳುತ್ತಿತ್ತು. ಸೈನಿಕರು ಶುಚಿಯಾಗಿಡುತ್ತಿಲ್ಲ ಎಂಬುದು ಮೊದಲ ಉತ್ತರ. 1967ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿದಾಗ ಬೇರೆಯೇ ಚಿತ್ರ ಹೊರಬಿತ್ತು. ಪರೀಕ್ಷೆಯ ಕಾಲದಲ್ಲಿ ಬಳಸಿದ ಮದ್ದನ್ನು ಆಮೇಲೆ ಬದಲಾಯಿಸಲಾಗಿತ್ತು. ಹೊಸ ಮದ್ದಿನಿಂದ ಯಂತ್ರದ ವೇಗ ಹೆಚ್ಚಿ, ಮಸಿಯೂ ಹೆಚ್ಚಿತ್ತು. ಗೂಡಿಗೆ ಕ್ರೋಮಿಯಂ ಲೇಪ ಇರಲಿಲ್ಲ. ಈ ಕೋವಿಗೆ ಹೆಚ್ಚು ಶುಚಿ ಬೇಡವೆಂದು ನಂಬಿಸಿ, ಶುಚಿ ಮಾಡುವ ಸಾಮಗ್ರಿಯನ್ನೇ ಸರಿಯಾಗಿ ಹಂಚಿರಲಿಲ್ಲ. ಸೈನಿಕ ದೋಷಿಯೆನಿಸಿದ್ದು ತನಗೆ ಕೊಡದೆ ಇದ್ದ ಬ್ರಷ್ಷಿಗಾಗಿ. ಮುಂದೆ ಲೇಪ ಬಂತು, ಹಿಂದೆ ತಳ್ಳುವ ಬಫರ್ ಬದಲಾಯಿತು, ಸಾಮಗ್ರಿ ಬಂತು, ಚಿತ್ರಕಥೆಯ ರೂಪದಲ್ಲಿ ಒಂದು ಕೈಪಿಡಿಯೂ ಬಂತು. ಅದೇ ಕೋವಿಯ ವಂಶ ಇಂದಿಗೂ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ ಎಸ್‌ಎಲ್‌ಆರ್‌ನ ಜಾಗಕ್ಕೆ 1990ರ ದಶಕದಲ್ಲಿ 5.56 ಮಿಲಿಮೀಟರಿನ ಇನ್ಸಾಸ್ ಬಂದಿತು. ಒಂದೊಂದೇ ಗುಂಡನ್ನೂ, ಒಮ್ಮೆಗೆ ಮೂರು ಗುಂಡನ್ನೂ ಹಾರಿಸಬಲ್ಲ ರೈಫಲ್ ಅದು. 1999ರ ಕಾರ್ಗಿಲ್ ಕದನದ ಚಳಿಯಲ್ಲಿ ಅದರ ಪ್ಲಾಸ್ಟಿಕ್ ಮ್ಯಾಗಜಿನ್ ಬಿರುಕು ಬಿಟ್ಟಿತು, ಕೋವಿ ತಡೆಯಿತು, ಎಣ್ಣೆ ಕಣ್ಣಿಗೆ ಹಾರಿತು ಎಂಬ ದೂರುಗಳು ಬಂದವು. ತರುವಾಯ ಸುಧಾರಿತ ರೂಪಗಳು ತಯಾರಾದವು. 2005ರ ಆಗಸ್ಟಿನಲ್ಲಿ ನೇಪಾಳದ ಕಾಲಿಕೋಟ್ ಜಿಲ್ಲೆಯ ಪಿಲಿಯಲ್ಲಿ ಮಾವೋವಾದಿಗಳ ದಾಳಿಗೆ 43 ಸೈನಿಕರು ಬಲಿಯಾದಾಗ, ಗಂಟೆಗಟ್ಟಲೆ ನಡೆದ ಕಾಳಗದಲ್ಲಿ ಇನ್ಸಾಸ್ ಸರಿಯಾಗಿ ನಡೆಯಲಿಲ್ಲವೆಂದು ನೇಪಾಳದ ಸೈನ್ಯ ಹೇಳಿತು. ಬಳಕೆ ಮತ್ತು ನಿರ್ವಹಣೆಯ ಕೊರತೆ ಕಾರಣವಿರಬಹುದೆಂಬ ಉತ್ತರ ಭಾರತದ ಕಡೆಯಿಂದ ಹೋಯಿತು. ತೀರಿಹೋದವರ ಕೋವಿಗಳನ್ನು ತೆರೆದು ಗೂಡನ್ನೂ ಕೇಪನ್ನೂ ನೋಡದೆ ಎರಡರಲ್ಲಿ ಯಾವ ಮಾತೂ ತೀರ್ಪಾಗಲಾರದೆಂದು ನಮಗನ್ನಿಸುತ್ತದೆ.

ಬಳಸುವವನ ತಪ್ಪು ಎಂದೂ ಇರುವುದಿಲ್ಲ ಎಂದೇನೂ ಅಲ್ಲ. ಬ್ರಿಟನ್ನಿನ ಎಲ್-85 ರೈಫಲ್ 1991ರ ಕೊಲ್ಲಿ ಯುದ್ಧದ ಮರಳಿನಲ್ಲಿ ಬಹಳ ಹೆಸರು ಕೆಡಿಸಿಕೊಂಡಿತ್ತು. 2000ದ ನಂತರ ಜರ್ಮನಿಯ ಹೆಕ್ಲರ್ ಅಂಡ್ ಕಾಕ್ ಸಂಸ್ಥೆ ಸುಮಾರು 2 ಲಕ್ಷ ಕೋವಿಗಳ ಅಗುಳಿ, ಕೊಕ್ಕೆ, ಸೂಜಿ, ಸ್ಪ್ರಿಂಗ್, ಮ್ಯಾಗಜಿನ್ ಮೊದಲಾದುವನ್ನು ಬದಲಾಯಿಸಿ ಮರುಜೀವ ಕೊಟ್ಟಿತು. 2002ರಲ್ಲಿ ಆಫ್ಘಾನಿಸ್ತಾನದಿಂದ ಮತ್ತೆ ದೂರು ಬಂದಾಗ ತನಿಖೆಯ ತಂಡ ಅಲ್ಲಿಗೇ ಹೋಗಿ ನೋಡಿತು. ಶುಚಿ ಮತ್ತು ಎಣ್ಣೆಯ ಕ್ರಮವನ್ನು ಪಾಲಿಸಿದಾಗ ಕೋವಿಗಳು ಸರಿಯಾಗಿ ನಡೆದವು. ಈ ಸಲ ಸೈನಿಕನಿಗೆ ಪಾಠ ಹೇಳಿದ್ದು ನ್ಯಾಯವೇ, ಏಕೆಂದರೆ ಮೊದಲು ಕೋವಿಯನ್ನು ನೋಡಿದ್ದರು.

ದುರಸ್ತಿ ಆಯಿತು ಎಂದು ಹೇಳುವುದು ಯಾವಾಗ? ಹೆಚ್ಚಿನ ಕಡೆ ಒಂದು ಮ್ಯಾಗಜಿನ್ ಖಾಲಿ ಮಾಡಿ, ತಡೆ ಬರಲಿಲ್ಲ, ಸರಿಹೋಯಿತು ಎಂದು ಸಹಿ ಹಾಕಿಬಿಡುತ್ತಾರೆ. ನಾವು ಬ್ಯಾಂಕಿನವರಾದ ಕಾರಣ ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕೆನಿಸಿತು. ಸರಾಸರಿ 500 ಗುಂಡಿಗೊಮ್ಮೆ ತಡೆಯುವ ಕೋವಿಯೊಂದು ಇದೆಯೆಂದು ಭಾವಿಸೋಣ. ಅದು 30 ಗುಂಡುಗಳನ್ನು ತಡೆಯಿಲ್ಲದೆ ಹಾರಿಸುವ ಸಂಭವ ನೂರಕ್ಕೆ 94. ಅಂದರೆ ಆ 30 ಗುಂಡಿನ ಪರೀಕ್ಷೆಯಲ್ಲಿ ಇಂಥ ನೂರು ಕೋವಿಗಳ ಪೈಕಿ 94 ತೇರ್ಗಡೆಯಾಗುತ್ತವೆ. ತಡೆಯ ಪ್ರಮಾಣ 500ಕ್ಕೆ ಒಂದಕ್ಕಿಂತ ಕಡಿಮೆಯೆಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬೇಕಾದರೆ ಒಂದೂ ತಡೆಯಿಲ್ಲದೆ ಸುಮಾರು 1500 ಗುಂಡು ಹಾರಬೇಕು. ದುರಸ್ತಿಯಾದ ಪ್ರತಿ ಕೋವಿಗೂ ಇಷ್ಟು ತೋಟಾ ಸುಡಲು ಯಾರಿಂದಲೂ ಆಗದು. ಆದ್ದರಿಂದ ಲೆಕ್ಕದ ಪುಸ್ತಕವೇ ಗತಿ. ಪ್ರತಿ ಕೋವಿಗೆ ಒಂದು ಪುಟ: ಎಂದು ಎಷ್ಟು ಗುಂಡು, ತೋಟಾ ಯಾವ ವರ್ಷದ ಯಾವ ತಂಡದ್ದು, ಯಾವ ಮ್ಯಾಗಜಿನ್, ತಡೆದಾಗ ಅಗುಳಿ ಎಲ್ಲಿತ್ತು, ಯಾವ ಭಾಗ ಬದಲಾಯಿತು. ಒಂದೇ ಸಲಕ್ಕೆ ಒಂದೇ ಭಾಗ ಬದಲಾಯಿಸಬೇಕೆಂಬ ಕಟ್ಟುನಿಟ್ಟೂ ಇದಕ್ಕೇ. ಸ್ಪ್ರಿಂಗ್, ಕೊಕ್ಕೆ, ಮ್ಯಾಗಜಿನ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಕೋವಿ ಸರಿಹೋದೀತು, ರೋಗ ಯಾವುದೆಂದು ಮಾತ್ರ ತಿಳಿಯದು. ಪಕ್ಕದ ಕೋವಿಗೆ ಅದೇ ರೋಗ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕು.

ಫಿರಂಗಿ ಎರಕ ನಿಂತುಹೋದ ನಮ್ಮ ಊರಿನಲ್ಲಿ ಈಗ ಮತ್ತೆ ರೈಫಲ್ ತಯಾರಿ ಬಂದಿದೆ. ಪುಣೆಯ ಎಆರ್‌ಡಿಇ ಪ್ರಯೋಗಶಾಲೆ ಹೈದರಾಬಾದಿನ ದ್ವೀಪ ಆರ್ಮರ್ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿದ ಉಗ್ರಂ ಎಂಬ 7.62 ಮಿಲಿಮೀಟರಿನ ರೈಫಲ್ 2024ರ ಜನವರಿಯಲ್ಲಿ ಬಿಡುಗಡೆಯಾಯಿತು. ತೂಕ ನಾಲ್ಕು ಕಿಲೋಗಿಂತ ಕಡಿಮೆ, ಮ್ಯಾಗಜಿನ್ನಿನಲ್ಲಿ ಎಸ್‌ಎಲ್‌ಆರ್‌ನಂತೆಯೇ 20 ತೋಟಾ, ಗುರಿಯ ವ್ಯಾಪ್ತಿ 500 ಮೀಟರ್ ಎಂದು ಪ್ರಕಟಿಸಿದರು. ಈ ಸುದ್ದಿಯನ್ನು ನಮ್ಮ ಕಾವಲುಗಾರ ಮಿತ್ರರೊಬ್ಬರಿಗೆ ಓದಿ ಹೇಳಿದಾಗ ಅವರು ತೂಕವನ್ನೂ ವ್ಯಾಪ್ತಿಯನ್ನೂ ವಿಚಾರಿಸಲಿಲ್ಲ. ಬಿಡಿಭಾಗಗಳು ದಳದವರೆಗೆ ತಲುಪುತ್ತವೆಯೇ, ಮ್ಯಾಗಜಿನ್ ಯಾವುದರಿಂದ ಮಾಡಿದ್ದು ಎಂದು ಕೇಳಿದರು. ಮ್ಯಾಗಜಿನ್ನಿನ ವಿಚಾರ ಪತ್ರಿಕೆಯಲ್ಲಿ ಇರಲಿಲ್ಲ.